ಹೊಳೆಗೆ ಬೆನ್ನು ಹಾಕಿದ ನಕ್ಷೆ

2019ರ ಆಗಸ್ಟ್, ಆಶ್ಲೇಷ ಮಳೆ. ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ತುಂಗೆ ನುಗ್ಗಿದಾಗ ಜನ ಮನೆ ಬಿಟ್ಟು ಹೊರಟರು. ಎತ್ತ ಹೋಗಬೇಕು ಅಂತ ಮಾತ್ರ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ನಮ್ಮ ಬೀದಿಯವರು ಕೆಲವರು ನೀರು ತುಂಬಿದ ರಸ್ತೆಗೇ ಇಳಿದು ವಾಪಸ್ ಬಂದರು. ನಕ್ಷೆ ಮಾಡುವುದೇ ನನ್ನ ಕೆಲಸ. ಸುಮ್ನೆ ಕೂರೋಕೆ ಮನಸ್ಸಾಗಲಿಲ್ಲ, ನೆರೆ ಬಂದರೆ ಎತ್ತ ಹೊರಡಬೇಕು ಅಂತ ತೋರಿಸುವ ನಕ್ಷೆಗೆ ಕೈ ಹಾಕಿದೆ.

ಮೊದಲು ಉಪಗ್ರಹದಿಂದ ಅಳೆದ ಎತ್ತರದ ಮಾಹಿತಿ ಇಳಿಸಿಕೊಂಡೆ. ಪುಕ್ಕಟೆ ಸಿಗುವುದರಲ್ಲಿ 30 ಮೀಟರಿಗೊಂದು ಚೌಕ. ಒಂದೇ ಚೌಕದಲ್ಲಿ ಐದಾರು ಮನೆ ಸೇರಿಹೋಗುತ್ತವೆ, ಎತ್ತರದಲ್ಲೂ ಕೆಲವು ಮೀಟರ್ ಹೆಚ್ಚುಕಮ್ಮಿ. ನೀರು ಮೊಣಕಾಲಿಗೋ ಸೊಂಟಕ್ಕೋ ಅಂತ ತಿಳಿಯಬೇಕಾದ ಕಡೆ ಅದು ಸಾಲದು. ಟೇಪು ಹಿಡಿದು ಮನೆಮನೆಗೆ ಹೋದೆ. ‘ನೀರು ಎಲ್ಲಿ ತನಕ ಬಂದಿತ್ತು?’ ಅಂದರೆ ಸಾಕು, ಎಲ್ಲರೂ ಗೋಡೆ ತೋರಿಸುತ್ತಾರೆ. ಒಂದು ಮನೆಯಲ್ಲಿ ಕಿಟಕಿ ಕೆಳಗೆ ಕೆಸರಿನ ಗೆರೆ ಹಾಗೇ ಇತ್ತು. ಬಣ್ಣ ಹೊಡೆಸುವಾಗಲೂ ಅದೊಂದನ್ನು ಬಿಟ್ಟಿದ್ದರು. ನೆಲದಿಂದ ಮೂರು ಅಡಿ ಎರಡು ಇಂಚು.

ಇನ್ನೊಂದು ವಿಷಯವೂ ಅಲ್ಲೇ ತಿಳಿಯಿತು. ನಮ್ಮಲ್ಲಿ ನೀರು ಮೊದಲು ಬಂದದ್ದು ದಡ ಹತ್ತಿ ಅಲ್ಲ. ಹೊಳೆ ಏರಿದಾಗ ಅದರ ನೀರು ರಾಜಕಾಲುವೆಯಲ್ಲಿ ಹಿಂದಕ್ಕೆ ನುಗ್ಗಿ ಮೋರಿಯಿಂದ ಉಕ್ಕಿತ್ತು. ನೆರೆಗೆ ಮನೆ ಬಿಟ್ಟವರಿಗೆ ಕಾಳಜಿ ಕೇಂದ್ರ ತೆರೆಯುವ ಶಾಲೆಗೆ ಹತ್ತಿರದ ದಾರಿ ಅಂತ ಕಂಪ್ಯೂಟರ್ ಕೊಟ್ಟದ್ದು ಅದೇ ಮೋರಿಯ ಮೇಲೆ ಹಾಯುತ್ತಿತ್ತು! ಅದನ್ನು ಅಳಿಸಿದೆ. ಈಗಿನ ದಾರಿ ಸುತ್ತು, ಐದು ನಿಮಿಷ ಜಾಸ್ತಿ, ಆದರೆ ಉದ್ದಕ್ಕೂ ಏರು.

ಕರಡನ್ನು ಪಕ್ಕದ ಬೀದಿಯ ಅಜ್ಜಿಗೆ ತೋರಿಸಿದೆ. ಅವರು ಹಾಳೆಯನ್ನು ಎರಡು ಸಲ ತಿರುಗಿಸಿದರು. ‘ಹೊಳೆ ಎಲ್ಲಿ ಮಗ ಇದರಲ್ಲಿ?’ ಅಂದರು. ತೋರಿಸಿದೆ. ಅವರು ತಕ್ಷಣ ಹಾಳೆಯನ್ನು ಹೊಳೆ ತಮ್ಮ ಹೊಟ್ಟೆಯ ಕಡೆ ಬರುವ ಹಾಗೆ ಹಿಡಿದುಕೊಂಡು, ‘ಹಾಗಾದ್ರೆ ಹೀಗೆ ಮುಂದಕ್ಕೆ ಹೋಗಬೇಕು ಅಲ್ವಾ?’ ಅಂತ ಬೆರಳು ಓಡಿಸಿದರು. ಉತ್ತರ ದಿಕ್ಕು ಮೇಲಿರಬೇಕು ಅಂತ ಕಲಿತವನು ನಾನು. ಅವತ್ತೇ ಅದನ್ನು ಬಿಟ್ಟೆ. ಹೊಳೆ ಹಾಳೆಯ ಬುಡದಲ್ಲಿ, ಕಾಳಜಿ ಕೇಂದ್ರ ತುದಿಯಲ್ಲಿ. ಹೊಳೆಗೆ ಬೆನ್ನು ಹಾಕಿ ನಿಂತರೆ ನಕ್ಷೆ ಮತ್ತು ಬೀದಿ ಒಂದೇ ದಿಕ್ಕಿಗೆ ನೋಡುತ್ತವೆ. ಅಂದ ಹಾಗೆ, ‘ಕಾಳಜಿ ಕೇಂದ್ರ’ದ ಕೆಳಗೆ ‘ಗಂಜಿ ಕೇಂದ್ರ’ ಅಂತಲೂ ಬರೆದೆ. ಜನ ಈಗಲೂ ಅನ್ನುವುದು ಹಾಗೇ.

ಮನೆಗಳನ್ನು ಗುಂಪು ಮಾಡುವಾಗ ನ್ಯೂಯಾರ್ಕ್ ನೆನಪಾಯಿತು. ಅಲ್ಲಿ ಚಂಡಮಾರುತಕ್ಕೆ ಎ, ಬಿ, ಸಿ ಅಂತ ಮೂರು ವಲಯಗಳಿದ್ದವು. 2012ರ ಸ್ಯಾಂಡಿ ಚಂಡಮಾರುತದ ನಂತರ, 2013ರಲ್ಲಿ, 1ರಿಂದ 6ರವರೆಗೆ ಸಂಖ್ಯೆ ಕೊಟ್ಟರು. 1 ಅಂದರೆ ಮೊದಲು ಹೊರಡುವವರು. ನಾನೂ 1, 2, 3 ಅಂತ ದೊಡ್ಡದಾಗಿ ಬರೆದೆ. ಬಣ್ಣ ನೆಚ್ಚಲಿಲ್ಲ. ಜೆರಾಕ್ಸ್ ಮಾಡಿದರೆ ಕೆಂಪೂ ಹಸಿರೂ ಒಂದೇ ಬೂದು, ಕೆಲವರ ಕಣ್ಣಿಗೆ ಅವೆರಡೂ ಬೇರೆಯಾಗಿ ಕಾಣುವುದೂ ಇಲ್ಲ.

ಯಾವಾಗ ಹೊರಡಬೇಕು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆ. ತುಂಗೆಯ ಗಾಜನೂರು ಅಣೆಕಟ್ಟೆ ಸಣ್ಣದು, 3.24 ಟಿಎಂಸಿ. ಬೇಗ ತುಂಬುತ್ತದೆ. ಆಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದೆಲ್ಲ ಊರಿನ ಕಡೆಗೇ. ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟರು ಅಂತ ಸುದ್ದಿ ಬರುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅದರಿಂದ ನಮ್ಮ ಹೊಸ್ತಿಲಿಗೆ ನೀರು ಬರುತ್ತಾ ಅಂತ ಯಾರಿಗೆ ಗೊತ್ತಾಗುತ್ತದೆ? ಆದರೆ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಊರಿಗೆಲ್ಲ ಗೊತ್ತು. ಹೊಳೆ ತುಂಬಿದಾಗ ಜನ ಹೋಗಿ ನೋಡುವುದೇ ಅದನ್ನು. ನಕ್ಷೆಯ ಮೂಲೆಯಲ್ಲಿ ಮಂಟಪದ ಚಿತ್ರ ಬಿಡಿಸಿ, ‘ಮಂಟಪ ಮುಳುಗಿತು ಅಂದರೆ ಕಾಗದಪತ್ರ, ಮಾತ್ರೆ ಚೀಲಕ್ಕೆ ಹಾಕಿ. 1ನೇ ಗುಂಪಿನವರು ಬೆಳಕಿರುವಾಗಲೇ ಹೊರಡಿ’ ಅಂತ ಬರೆದೆ.

ಹಾಳೆ ಈಗ ರೇಷನ್ ಅಂಗಡಿಯ ಒಳಗೋಡೆಯಲ್ಲಿದೆ. ಪುನರ್ವಸು ಮಳೆ ಹಿಡಿಯುವ ಮೊದಲು ಮತ್ತೆ ಟೇಪು ಹಿಡಿದು ಹೊರಡಬೇಕು. ಒಂದು ಮೋರಿ ಹೊಸದಾಗಿ ಕಟ್ಟಿದ್ದಾರೆ, ಏರಿನ ದಾರಿಯ ಓಣಿಯೊಂದಕ್ಕೆ ಕಾಂಪೌಂಡ್ ಬಂದಿದೆ.