ಕೋಲಾರದಲ್ಲಿ ಮುಳುಗುವಷ್ಟು ನೀರು

ಐನೋನಿನಲ್ಲಿ ಬಹಳ ನೀರಿತ್ತು, ಅದಕ್ಕೇ ಯೋಹಾನನು ಅಲ್ಲಿ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಮಾಡಿಸುತ್ತಿದ್ದ ಎಂಬ ಬೈಬಲಿನ ಮಾತು ಓದಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಪಾಲಾರ್ ಹೆಸರಿಗಷ್ಟೇ ನದಿ. ಮೆಥಡಿಸ್ಟ್ ಪಂಗಡದ ಗೆಳೆಯರು ಒಂದು ಬಟ್ಟಲು ನೀರು ಚಿಮುಕಿಸಿ ಊಟಕ್ಕೆ ಹೋಗುತ್ತಾರೆ. ನನ್ನಂಥ ಬ್ಯಾಪ್ಟಿಸ್ಟ್ ಪಾಸ್ಟರನ ಪಾಡು ಹಾಗಲ್ಲ, ತಲೆ ಮುಳುಗಲೇಬೇಕು.

ಮೊದಲೆಲ್ಲ ಸಭೆಯವರೊಬ್ಬರ ಕೃಷಿ ಹೊಂಡಕ್ಕೆ ಹೋಗುತ್ತಿದ್ದೆವು. ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಎಣ್ಣೆ ಸವರಿದ ಹಾಗಿರುತ್ತದೆ. ಒಮ್ಮೆ ಅರವತ್ತು ದಾಟಿದ ಅಜ್ಜಿಯನ್ನು ಹಿಡಿದು "ತಂದೆಯ, ಮಗನ..." ಎನ್ನುವಷ್ಟರಲ್ಲಿ ನನ್ನ ಕಾಲೇ ಜಾರಿತು. ಇಬ್ಬರೂ ಒಟ್ಟಿಗೆ ಮುಳುಗಿದೆವು. ಹಗ್ಗ ಹಿಡಿದು ಮೇಲೆ ಬಂದ ಅಜ್ಜಿ, "ಅಯ್ನೋರಿಗೂ ಇನ್ನೊಂದ್ಸಲ ಆಯ್ತು ಬಿಡಿ" ಅಂದರು. ನಗು ಬಂದರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಂಥ ಹೊಂಡಗಳಲ್ಲಿ ಬಿದ್ದ ಎಷ್ಟೋ ಮಕ್ಕಳು ಮೇಲೆ ಬಂದಿಲ್ಲ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬಿಟ್ಟ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ಎಷ್ಟೋ ವರ್ಷದ ಮೇಲೆ ಕೆರೆ ತುಂಬಿದ್ದು ನೋಡಿ ಯುವಕರು ಕುಣಿದರು. ಮುಂದಿನ ತಿಂಗಳೇ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಯಿತು. ನಮ್ಮ ಹಿರಿಯರ ಕೂಟದಲ್ಲಿ ಎರಡು ಗಂಟೆ ಇದೇ ವಾದ: ಬೆಂಗಳೂರಿನ ಚರಂಡಿ ನೀರು, ಎರಡು ಹಂತ ಶುದ್ಧಿ ಮಾಡಿದ್ದರೂ, ದೀಕ್ಷಾಸ್ನಾನಕ್ಕೆ ಆಗುತ್ತದೆಯೇ? ನನ್ನ ಪ್ರಕಾರ ದೇವಶಾಸ್ತ್ರದಲ್ಲಿ ಅಡ್ಡಿಯಿಲ್ಲ. ಆದರೆ ಒಬ್ಬ ಹಿರಿಯರು "ಪಾಪ ಹೋಗೋದು ದೇವರಿಗೆ ಬಿಟ್ಟಿದ್ದು, ತುರಿಕೆ ಬಂದ್ರೆ ಯಾರು ನೋಡ್ತಾರೆ?" ಎಂದಾಗ ನಾನು ಸುಮ್ಮನಾದೆ. ಅಂತರ್ಜಲಕ್ಕೆ ಅಂತ ಬಿಟ್ಟ ನೀರು ಅದು, ಮೈಗೆ ಅಂತ ಅಲ್ಲ. ಜೊತೆಗೆ 2022ರ ಮತಾಂತರ ಕಾಯ್ದೆಯ ಗದ್ದಲ. ಸಭೆಯಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನು ಕೆರೆ ದಂಡೆಗೆ ಕರೆದುಕೊಂಡು ಹೋದರೂ ಫೋನೆತ್ತಿ ವಿಡಿಯೊ ಮಾಡುವವರಿದ್ದರು.

ಕಾಂಪೌಂಡಿನೊಳಗೇ ತೊಟ್ಟಿ ಕಟ್ಟಿ, ಚರ್ಚಿನ ಶೀಟಿನ ಮೇಲೆ ಬಿದ್ದ ಮಳೆ ನೀರನ್ನೇ ತುಂಬಿಸುತ್ತೇನೆ ಎಂದೆ. "ಮಳೆ ಎಲ್ಲಿದೆ ಪಾಸ್ಟರೇ?" ಎಂದರು ಎಲ್ಲರೂ.

ಮೊದಲನೆಯದು ಇಟ್ಟಿಗೆಯದು. ಕಂಬಿ ಹಾಕದೆ ದುಡ್ಡು ಉಳಿಸಿದೆ. ತುಂಬಿಸಿದ ಮೂರನೇ ದಿನ ಗೋಡೆ ಉಬ್ಬಿ, ಬೆಳಗಾಗುವುದರೊಳಗೆ ನೀರೆಲ್ಲ ಪಕ್ಕದವರ ಹುಲ್ಲಿನ ಮೆದೆಗೆ. ಹದಿನೆಂಟು ಸಾವಿರ, ಜೊತೆಗೆ ಮೆದೆಯ ದಂಡ. ಎರಡನೆಯದಕ್ಕೆ ದುಡ್ಡು ಕೊಟ್ಟಿದ್ದು ಟೊಮೆಟೊ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಆಗ ಒಬ್ಬ ಬ್ರದರ್ ಹನ್ನೆರಡು ಬಾಕ್ಸಿನ ದುಡ್ಡು ಕಾಣಿಕೆ ಹಾಕಿದರು. ನನ್ನ ಹದಿನೇಳು ವರ್ಷದ ಸೇವೆಯಲ್ಲಿ ಅಂಥ ಲಕೋಟೆ ಬಂದಿರಲಿಲ್ಲ. ಉಳಿದದ್ದು ಸಾಲ. ಒಟ್ಟು ಅರವತ್ತೈದು ಸಾವಿರದ ಆಸುಪಾಸು.

ಏಳಡಿ ಉದ್ದ, ನಾಲ್ಕಡಿ ಅಗಲ. ಮೂರಡಿ ನೀರು ನಿಂತರೆ ಎರಡು ಸಾವಿರದ ನಾನೂರು ಲೀಟರಿಗೆ ತುಸು ಕಮ್ಮಿ. ಶೀಟು ಸಾವಿರದೈನೂರು ಚದರಡಿ ಇರುವುದರಿಂದ ಒಂದು ಒಳ್ಳೆ ಮಳೆ ಸಾಕು. ಆದರೆ ಕಟ್ಟಿದ ವರ್ಷವೇ ರಾಜ್ಯಕ್ಕೆಲ್ಲ ಬರ. ಖಾಲಿ ತೊಟ್ಟಿಯಲ್ಲಿ ಭಾನುವಾರದ ಶಾಲೆಯ ಮಕ್ಕಳು ಗೋಲಿ ಆಡಿದರು. 2024ರ ಮೇ ತಿಂಗಳ ಒಂದು ರಾತ್ರಿ ಗುಡುಗು ಕೇಳಿ ಲುಂಗಿಯಲ್ಲೇ ಓಡಿದೆ. ಮೊದಲ ಹತ್ತು ನಿಮಿಷದ ಕೊಳೆ ನೀರು ಹೊರಗೆ ಬಿಟ್ಟು, ಆಮೇಲೆ ಜಲ್ಲಿ, ಇದ್ದಿಲು, ಮರಳಿನ ಡ್ರಮ್ಮಿಗೆ ಪೈಪು ತಿರುಗಿಸಿದೆ. ಬೆಳಿಗ್ಗೆ ತಳದ ಹೆಂಚು ಎಣಿಸುವಷ್ಟು ತಿಳಿ. ಆ ಭಾನುವಾರ ಏಳು ಜನ.

ಡಿಸೆಂಬರ್ ಚಳಿಗೆಂದು ಶೀಟಿನ ಮೇಲೆ ಕಪ್ಪು ಪೈಪು ಸುತ್ತಿ ನೋಡಿದೆ. ಮೊದಲ ಬಕೆಟ್ಟು ಸುಡುಸುಡು, ಉಳಿದದ್ದು ಐಸು. ಅದನ್ನು ಬಿಟ್ಟೆ. ಪಾಚಿ ಕಟ್ಟದಂತೆ ತಿಂಗಳುಗಟ್ಟಲೆ ಇಡುವುದು ಹೇಗೆ, ಗಾರೆಗೆ ಏನು ಬೆರೆಸಿದೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಬಂದು ಮುದ್ದೆ ಊಟ ಮಾಡಿ ಕೇಳಿ.

"ಮಳೆ ಎಲ್ಲಿದೆ" ಎಂದವರಲ್ಲೇ ಒಬ್ಬ ಪಾಸ್ಟರು ಈ ಏಪ್ರಿಲ್‌ನಲ್ಲಿ ಫೋನ್ ಮಾಡಿ, ಈಸ್ಟರಿಗೆ ತೊಟ್ಟಿ ಕೊಡ್ತೀರಾ ಎಂದರು. ಖಂಡಿತ ಬನ್ನಿ, ಬರುವಾಗ ಒಂದು ಟ್ಯಾಂಕರ್ ನೀರು ಹಾಕಿಸಿಕೊಂಡು ಬನ್ನಿ ಎಂದೆ.