ಮುಟ್ಟಿದ ಕಾಯಿ, ಬಾಗಿಲಾಚೆಯ ಪ್ರಶ್ನೆ

ಮಕ್ಕಳ ಚೆಸ್ ಟೂರ್ನಿಗಳಲ್ಲಿ ನಾನು ಆರ್ಬಿಟರ್, ಅಂದರೆ ತೀರ್ಪುಗಾರ, ಆಗಿ ಕೆಲಸ ಮಾಡುತ್ತೇನೆ. ಅಲ್ಲಿ ಮತ್ತೆ ಮತ್ತೆ ಬರುವ ಜಗಳ ಇದು: "ಸರ್, ಇವನು ಕುದುರೆ ಮುಟ್ಟಿದ, ಈಗ ಮುಟ್ಟೇ ಇಲ್ಲ ಅಂತಾನೆ." ಬೇಕೆಂದೇ ಮುಟ್ಟಿದ ಕಾಯಿಗೆ ನಡೆ ಇದ್ದರೆ ಅದನ್ನು ನಡೆಸಲೇಬೇಕು. ಕಾಯಿಯನ್ನು ಬೋರ್ಡಿನ ಮನೆಯೊಳಗೆ ಸರಿಯಾಗಿ ಕೂರಿಸುವುದಿದ್ದರೆ ಮೊದಲೇ "ಅಡ್ಜಸ್ಟ್" ಅನ್ನಬೇಕು. ತೋಳು ತಗುಲಿ ಬಿದ್ದರೆ ಅದು ಮುಟ್ಟಿದ ಲೆಕ್ಕವಲ್ಲ. ನಿಯಮ ಇಷ್ಟೇ. ನಾನೂ ನೋಡಿಲ್ಲ, ಬೇರೆ ಸಾಕ್ಷಿಯೂ ಇಲ್ಲ ಅಂದಾಗ ಕಷ್ಟ.

ಆಗ ಕ್ಲಾಕ್ ನಿಲ್ಲಿಸಿ, ಆರೋಪ ಹೊತ್ತ ಮಗುವನ್ನೇ ಮೊದಲು ಕೇಳುತ್ತೇನೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ: "ಏನು ಯೋಚನೆ ಮಾಡ್ತಿದ್ದೆ? ಕೈ ಎಲ್ಲಿಗೆ ಹೋಗಿತ್ತು?" ಜೋರು ಮಾಡಿದರೆ ಮಗು "ಇಲ್ಲ" ಅನ್ನುತ್ತದೆ. ಆಮೇಲೆ ಆ "ಇಲ್ಲ"ವನ್ನು ಉಳಿಸಿಕೊಳ್ಳೋಕೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಮೆಲ್ಲಗೆ ಕೇಳಿದರೆ ಬಹಳ ಸಲ ನಿಜ ಹೊರಬರುತ್ತದೆ. "ಸರಿ, ಕುದುರೆ ನಡೆಸು" ಅಂತ ಹೇಳಿ ಕ್ಲಾಕ್ ಶುರು ಮಾಡುತ್ತೇನೆ. ಬುದ್ಧಿವಾದ ಹೇಳುವುದಿಲ್ಲ. ನಿಜ ಹೇಳಿದ್ದಕ್ಕೆ ಉಪನ್ಯಾಸ ಕೇಳಬೇಕಾದರೆ ಮುಂದಿನ ಸಲ ಯಾರು ಹೇಳ್ತಾರೆ?

ಅದೇ ಮಕ್ಕಳು ಆಟ ಮುಗಿದ ಮೇಲೆ ಇನ್ನೊಂದು ಮೇಜಿಗೆ ಹೋಗಿ ನಡೆಗಳನ್ನೆಲ್ಲ ಮತ್ತೆ ಇಟ್ಟು ನೋಡುತ್ತಾರೆ. "ಇಲ್ಲಿ ನೀನು ಆನೆ ತಂದಿದ್ರೆ ನಾನು ಸೋತೇ ಹೋಗ್ತಿದ್ದೆ" ಅಂತ ಎದುರಾಳಿಗೆ ತಾವೇ ತೋರಿಸಿಕೊಡುತ್ತಾರೆ. ಅಲ್ಲಿ ಯಾರೂ ಮೋಸ ಮಾಡಿದ್ದನ್ನು ನಾನು ಕಂಡಿಲ್ಲ. ಇಕ್ಕಟ್ಟಿನಿಂದ ಹೊರಬರುವ ದಾರಿ ಹುಡುಕುವುದೇ ಅವರ ಖುಷಿ. ಕಾಯಿ ಮುಟ್ಟಿ ಇಲ್ಲ ಅನ್ನುವುದು, ಬಾಗಿಲಾಚೆ ಕಾಯುವ ಅಪ್ಪ-ಅಮ್ಮನ ಮುಖ ನೆನಪಾದಾಗ. ಸೋಲಿಗಿಂತ "ಏನಾಯ್ತು?" ಅನ್ನುವ ಪ್ರಶ್ನೆಗೆ ಹೆದರುವ ಮಕ್ಕಳನ್ನೇ ನಾನು ಜಾಸ್ತಿ ನೋಡಿದ್ದೇನೆ.

ದೊಡ್ಡವರಿಗೆ ಆ ಮುಖದ ಜಾಗದಲ್ಲಿ ರೇಟಿಂಗ್, ಅಂದರೆ ಆಟಗಾರರ ಬಲ ತೋರಿಸುವ ಅಂಕ, ಇರುತ್ತದೆ. 2019ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಇಗೋರ್ಸ್ ರೌಸಿಸ್ ಸ್ಟ್ರಾಸ್‌ಬರ್ಗ್‌ನ ಟೂರ್ನಿಯಲ್ಲಿ ಶೌಚಾಲಯದೊಳಗೆ ಫೋನ್ ಬಳಸಿ ಸಿಕ್ಕಿಬಿದ್ದರು. ಆಗ ಅವರಿಗೆ 58 ವರ್ಷ, ರೇಟಿಂಗ್ ಜಗತ್ತಿನ ಮುಂಚೂಣಿ ಆಟಗಾರರ ಮಟ್ಟವಾದ 2700ರ ಹತ್ತಿರ ಬಂದಿತ್ತು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಅವರನ್ನು 6 ವರ್ಷ ನಿಷೇಧಿಸಿ ಗ್ರ್ಯಾಂಡ್‌ಮಾಸ್ಟರ್ ಪಟ್ಟವನ್ನೂ ಕಿತ್ತುಕೊಂಡಿತು. ನನಗೆ ಬೇಸರ ಅನ್ನಿಸಿದ್ದು ಬೇರೆ ಕಾರಣಕ್ಕೆ. ಬೋರ್ಡಿನ ಮುಂದೆ ಯೋಚಿಸುವ ಆ ಸುಖ ಏನು ಅಂತ ಅವರಿಗಿಂತ ಚೆನ್ನಾಗಿ ಎಷ್ಟು ಜನರಿಗೆ ಗೊತ್ತಿತ್ತು? ಫೋನ್ ನಡೆ ಹೇಳಿದ ಮೇಲೆ ಯೋಚಿಸೋಕೆ ಏನು ಉಳಿಯುತ್ತದೆ?

ಪೋಷಕರನ್ನು ಆಟದ ಹಾಲ್‌ನಿಂದ ಹೊರಗಿಡುವುದು ಮಾಮೂಲಿ. ನಾನು ಸಂಘಟಕರಲ್ಲಿ ಇನ್ನೊಂದು ಕೇಳಿಕೊಳ್ಳುತ್ತೇನೆ: ಆಟ ಬಿಡಿಸಿ ನೋಡುವ ಮೇಜುಗಳನ್ನು ಬಾಗಿಲ ಹತ್ತಿರವೇ ಹಾಕಿ. ಮಗು ಮೊದಲು ಅಲ್ಲಿ ಎದುರಾಳಿಯ ಜೊತೆ ಕೂರಲಿ, ಆಮೇಲೆ ಹೊರಗೆ ಹೋಗಲಿ. ಮೊದಲ ಸುತ್ತಿಗೂ ಮುಂಚೆ ಪೋಷಕರಿಗೆ ಒಂದು ಮಾತು ಹೇಳುತ್ತೇನೆ. ಗೆದ್ದೆಯಾ ಅಂತ ಶುರು ಮಾಡಬೇಡಿ, ಯಾವ ನಡೆಗೆ ಜಾಸ್ತಿ ಹೊತ್ತು ಯೋಚಿಸಿದೆ ಅಂತ ಕೇಳಿ. ಕೆಲವರಿಗೆ ಇದು ಹಿಡಿಸುವುದಿಲ್ಲ. ಇನ್ನು ಕೆಲವರು ತಮಗೆ ಚೆಸ್ ಬರಲ್ಲವಲ್ಲ ಅಂತ ಹಿಂಜರಿಯುತ್ತಾರೆ. ಬರಬೇಕಂತೇನೂ ಇಲ್ಲ. ಮಗುವೇ ಬೋರ್ಡ್ ಎಳೆದುಕೊಂಡು ಹೇಳಿಕೊಡುತ್ತದೆ.