ಚಿಂಚೋಳಿ ಕಾಡಿನಲ್ಲಿ ರಾತ್ರಿ ತಂಗುವುದಾದರೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮಕ್ಕೆ ನವೆಂಬರ್‌ನಿಂದ ಜನವರಿಯೊಳಗೆ ಹೋಗುವುದೇ ಒಳ್ಳೆಯದು. ಫೆಬ್ರವರಿ ದಾಟಿದರೆ ತರಗೆಲೆ ಒಣಗಿ ಕಾಳ್ಗಿಚ್ಚಿನ ಭಯ. ಮೇ ತಿಂಗಳಲ್ಲಂತೂ ಬಿಸಿಲು 40 ಡಿಗ್ರಿ ಮೀರುತ್ತದೆ.

ರಕ್ಷಿತ ಕಾಡಾದ್ದರಿಂದ ಧಾಮದೊಳಗಿನ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಎಲ್ಲಿ ತಂಗಬಹುದು, ಶುಲ್ಕವೆಷ್ಟು ಎಂದು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಶನಿವಾರ, ಭಾನುವಾರ ಬಿಟ್ಟು ಮಂಗಳವಾರಕ್ಕೋ ಬುಧವಾರಕ್ಕೋ ಕೇಳಿದರೆ ಜಾಗ ಸಿಗುವುದು ಸುಲಭ. ಎಲ್ಲರ ಹೆಸರು, ಗುರುತಿನ ಚೀಟಿ, ಗಾಡಿ ನಂಬರ್ ಸಿದ್ಧವಿರಲಿ. ಬಾಯಿಮಾತಿನ ಒಪ್ಪಿಗೆ ನಂಬಿ ಹೊರಡಲೇಬೇಡಿ. ಅನುಮತಿ ಪತ್ರದ ಪ್ರಿಂಟ್ ಜೇಬಿನಲ್ಲಿರಲಿ. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲ್‌ನಲ್ಲಿ ಉಳಿಸಿಕೊಳ್ಳದ ಪತ್ರ ತೆರೆಯುವುದಿಲ್ಲ.

ಕುಡಿಯಲು ದಿನಕ್ಕೆ ತಲಾ 4 ಲೀಟರ್ ನೀರು ಒಯ್ಯಿರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಕಟ್ಟಿಕೊಂಡರೆ ಒಲೆ ಹಚ್ಚುವ ಮಾತೇ ಬರುವುದಿಲ್ಲ. ಕಲ್ಲುನೆಲದಲ್ಲಿ ಟೆಂಟಿನ ತೆಳು ಗೂಟ ಬಾಗುತ್ತದೆ. ಹಗ್ಗವನ್ನು ದೊಡ್ಡ ಕಲ್ಲಿಗೆ ಬಿಗಿಯಿರಿ.